ಬಯಾಪ್ಸಿ ವರದಿಯಲ್ಲಿ ‘ಪ್ಲಿಯೋಮಾರ್ಫಿಸಂ’ ಅಂತ ಇದೆ, ಕ್ಯಾನ್ಸರ್ ಅಲ್ವಾ?

ಪ್ರಶ್ನೆ: ನನ್ನ ತಮ್ಮನಿಗೆ 38 ವರ್ಷ. ಕೆಳದವಡೆಯ ಬಲಭಾಗದಲ್ಲಿ, ಹಿಂದುಗಡೆ ಊತ ಬಂದಿತ್ತು. ನೋವಿಲ್ಲ ಅಂತ ಬಹಳ ದಿನ ಸುಮ್ನೆ ಇದ್ದ. ಎಕ್ಸ್-ರೇ ತೆಗೆಸಿದಾಗ ಮೂಳೆಯೊಳಗೇ ಉಳಿದುಕೊಂಡ ಒಂದು ದವಡೆ ಹಲ್ಲು, ಅದರ ಸುತ್ತ ಕಪ್ಪು ಜಾಗ, ಆ ಕಪ್ಪಿನಲ್ಲಿ ಬಿಳಿ ಚುಕ್ಕೆಗಳು ಕಂಡವು. ಬಯಾಪ್ಸಿ ವರದಿಯಲ್ಲಿ ‘ಕ್ಯಾಲ್ಸಿಫೈಯಿಂಗ್ ಎಪಿಥೀಲಿಯಲ್ ಓಡಾಂಟೋಜೆನಿಕ್ ಟ್ಯೂಮರ್’ ಅಂತ ಬರೆದಿದ್ದಾರೆ. ವಿವರಣೆಯಲ್ಲಿ ಪಾಲಿಹೆಡ್ರಲ್ ಕೋಶಗಳ ಹಾಳೆಗಳು, ನ್ಯೂಕ್ಲಿಯರ್ ಪ್ಲಿಯೋಮಾರ್ಫಿಸಂ, ಹೈಪರ್‌ಕ್ರೊಮಾಟಿಸಂ, ಅಮಿಲಾಯ್ಡ್ ತರಹದ ವಸ್ತು, ಲೀಸೆಗ್ಯಾಂಗ್ ಉಂಗುರಗಳು, ಕಾಂಗೋ ರೆಡ್ ಪಾಸಿಟಿವ್, ಮೈಟೋಸಿಸ್ ಕಂಡಿಲ್ಲ ಅಂತ ಇದೆ. ಡಾಕ್ಟರು ಕ್ಯಾನ್ಸರ್ ಅಲ್ಲ ಅಂದರು. ಆದರೆ ಸುತ್ತಲಿನ ಮೂಳೆಯನ್ನೂ ಸ್ವಲ್ಪ ತೆಗೆಯಬೇಕು ಅಂತಾರೆ. ನೆಟ್‌ನಲ್ಲಿ ನೋಡಿದರೆ ಪ್ಲಿಯೋಮಾರ್ಫಿಸಂ ಕ್ಯಾನ್ಸರ್‌ನ ಲಕ್ಷಣ, ಅಮಿಲಾಯ್ಡ್ ಅಂದರೆ ಹೃದಯ, ಕಿಡ್ನಿ ಹಾಳುಮಾಡುವ ಕಾಯಿಲೆ ಅಂತ ಬರುತ್ತೆ. ಯಾವುದನ್ನು ನಂಬೋದು? ಸ್ಲೈಡ್ ಬೇರೆ ಕಡೆ ತೋರಿಸಬೇಕಾ?

ಉತ್ತರ: ನೀವು ನೆಟ್‌ನಲ್ಲಿ ಓದಿದ್ದು ಸುಳ್ಳಲ್ಲ. ಕೋಶಕೇಂದ್ರಗಳ ಗಾತ್ರ, ಆಕಾರ ಒಂದೊಂದು ಒಂದೊಂದು ಥರ ಇರುವುದು ಎಷ್ಟೋ ಕ್ಯಾನ್ಸರ್‌ಗಳ ಲಕ್ಷಣ ಹೌದು. ಅಮಿಲಾಯ್ಡ್, ಅಂದರೆ ಮಡಚಿಕೊಂಡು ನಾರಾದ ಪ್ರೋಟೀನ್, ತುಂಬಿಕೊಂಡು ಹೃದಯ, ಕಿಡ್ನಿ ಕೆಡುವ ಕಾಯಿಲೆಗಳೂ ಇವೆ. ಆದರೆ ನಿಮ್ಮ ತಮ್ಮನ ವರದಿಯಲ್ಲಿ ಅವೆರಡೂ ಬಂದಿರುವುದು ಬೇರೆ ಕಾರಣಕ್ಕೆ. ಈ ಗಡ್ಡೆ ಇರುವುದೇ ಹಾಗೆ. ಕೆಟ್ಟದಾಗಿ ಕಾಣುವ ಕೋಶಗಳು, ಅವುಗಳ ನಡುವೆ ಅಮಿಲಾಯ್ಡ್, ಅದರಲ್ಲಿ ಸುಣ್ಣದ ಉಂಗುರಗಳು. ಈ ಮೂರೂ ಒಟ್ಟಿಗೆ ಸಿಕ್ಕಿದ್ದರಿಂದಲೇ ನಿಮ್ಮ ಪೆಥಾಲಜಿಸ್ಟ್, ಅಂದರೆ ಸ್ಲೈಡ್ ನೋಡಿ ವರದಿ ಬರೆಯುವ ಡಾಕ್ಟರು, ಅಷ್ಟು ಖಚಿತವಾಗಿ ಹೆಸರು ಬರೆದಿದ್ದಾರೆ. ನೀವು ಕೊಟ್ಟ ವಿವರದಲ್ಲಿ ನನಗೆ ಅಪಸ್ವರ ಏನೂ ಕಾಣುತ್ತಿಲ್ಲ.

ಆ ಉದ್ದ ಹೆಸರನ್ನು ನಾವು ಯಾರೂ ದಿನಾ ಪೂರ್ತಿ ಹೇಳುವುದಿಲ್ಲ. ಪಿಂಡ್‌ಬೋರ್ಗ್ ಗಡ್ಡೆ ಅನ್ನುತ್ತೇವೆ. ಡೆನ್ಮಾರ್ಕಿನ ಬಾಯಿ ರೋಗಗಳ ತಜ್ಞ ಯೆನ್ಸ್ ಯೋರ್ಗೆನ್ ಪಿಂಡ್‌ಬೋರ್ಗ್ 1955ರಲ್ಲಿ ಇದನ್ನು ಬೇರೆಯದೇ ಗಡ್ಡೆ ಅಂತ ಗುರುತಿಸಿದರು. 1958ರಲ್ಲಿ ಇನ್ನೂ ವಿವರವಾಗಿ ಬರೆದರು. ಅದಕ್ಕೂ ಮೊದಲು ಇಂಥ ಗಡ್ಡೆಗಳು ಬೇರೆ ಬೇರೆ ಹೆಸರಿನಡಿ ಸೇರಿಹೋಗುತ್ತಿದ್ದವು. ಹಲ್ಲು ರೂಪಿಸುವ ಅಂಗಾಂಶದಿಂದ ಹುಟ್ಟುವ ಗಡ್ಡೆಗಳದ್ದೇ ಒಂದು ದೊಡ್ಡ ಗುಂಪಿದೆ. ಆ ಗುಂಪಿನಲ್ಲಿ ಇದರ ಪಾಲು ನೂರಕ್ಕೆ ಒಂದರ ಆಸುಪಾಸು. ಸಾಮಾನ್ಯವಾಗಿ 30ರಿಂದ 50 ವರ್ಷದ ಒಳಗಿನವರಲ್ಲಿ ಕಾಣುತ್ತದೆ. ಗಂಡು ಹೆಣ್ಣು ಅನ್ನುವ ಭೇದ ಇಲ್ಲ. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಸುಮಾರು ಎರಡು ಪಟ್ಟು ಜಾಸ್ತಿ, ಅದೂ ಹಿಂದಿನ ಹಲ್ಲುಗಳ ಕಡೆ. ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಹೊರಗೆ ಬಾರದೆ ಉಳಿದ ಹಲ್ಲೊಂದು ಗಡ್ಡೆಯ ಜೊತೆಗೇ ಇರುತ್ತದೆ. ನಿಮ್ಮ ತಮ್ಮನ ವಯಸ್ಸು, ಜಾಗ, ಹುದುಗಿದ ಹಲ್ಲು, ನೋವಿಲ್ಲದೆ ನಿಧಾನವಾಗಿ ಬೆಳೆದ ಊತ ಎಲ್ಲವೂ ಇದಕ್ಕೆ ಹೊಂದುತ್ತವೆ. ಸ್ಲೈಡ್ ನೋಡುವ ಮೊದಲೇ ಪೆಥಾಲಜಿಸ್ಟ್ ಕೇಳುವುದು ಇದನ್ನೇ: ಎಕ್ಸ್-ರೇ ಎಲ್ಲಿ?

ಈಗ ಸ್ಲೈಡಿಗೆ ಬರೋಣ. ತೆಗೆದ ತುಂಡನ್ನು ಮೊದಲು ಫಾರ್ಮಲಿನ್‌ನಲ್ಲಿ ನೆನೆಸುತ್ತಾರೆ, ಕೋಶಗಳು ಕೊಳೆಯದೆ ಇದ್ದ ಹಾಗೇ ನಿಲ್ಲಲಿ ಅಂತ. ಆಮೇಲೆ ನೀರಿನಂಶ ತೆಗೆದು, ಪ್ಯಾರಾಫಿನ್ ಮೇಣದಲ್ಲಿ ಕೂರಿಸಿ, 4–5 ಮೈಕ್ರಾನ್ ದಪ್ಪದ ಪದರಗಳಾಗಿ ಕತ್ತರಿಸುತ್ತಾರೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ದವಡೆಯ ತುಂಡಿಗೆ ಇದರಲ್ಲಿ ಒಂದು ತಾಪತ್ರಯ ಇದೆ. ಒಳಗೆ ಮೂಳೆ, ಸುಣ್ಣ ಇದ್ದರೆ ಬ್ಲೇಡು ಓಡುವುದಿಲ್ಲ, ಪದರ ಹರಿಯುತ್ತದೆ. ಹಾಗಾಗಿ ಮೊದಲು ಆಮ್ಲದಲ್ಲಿ ಅಥವಾ ಇಡಿಟಿಎ ದ್ರಾವಣದಲ್ಲಿಟ್ಟು ಸುಣ್ಣ ಕರಗಿಸಬೇಕು. ಆಮ್ಲದಲ್ಲಿ ಕೆಲಸ ಬೇಗ ಆಗುತ್ತದೆ. ಆದರೆ ಆಮ್ಲ ಜೋರಾದರೆ ಕೋಶಕೇಂದ್ರಗಳಿಗೆ ಬಣ್ಣ ಹಿಡಿಯುವುದಿಲ್ಲ, ಮುಂದಿನ ವಿಶೇಷ ಪರೀಕ್ಷೆಗಳೂ ಕೆಡುತ್ತವೆ. ಇಡಿಟಿಎ ಕೋಶಗಳನ್ನು ಚೆನ್ನಾಗಿ ಉಳಿಸುತ್ತದೆ, ಆದರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ದವಡೆಯ ಬಯಾಪ್ಸಿ ವರದಿ ತಡವಾದರೆ ಮನೆಯವರು ‘ಏನೋ ಕೆಟ್ಟದ್ದು ಸಿಕ್ಕಿರಬೇಕು’ ಅಂದುಕೊಳ್ಳುತ್ತಾರೆ. ಬಹಳ ಸಲ ಸುಣ್ಣ ಇನ್ನೂ ಕರಗಿರುವುದಿಲ್ಲ, ಅಷ್ಟೇ.

ಕತ್ತರಿಸಿದ ಪದರಕ್ಕೆ ಎರಡು ಬಣ್ಣ ಹಾಕುತ್ತಾರೆ. ಹೆಮಟಾಕ್ಸಿಲಿನ್ ಕೋಶಕೇಂದ್ರಗಳನ್ನು ನೀಲಿ-ನೇರಳೆ ಮಾಡುತ್ತದೆ. ಇಯೋಸಿನ್ ಉಳಿದದ್ದನ್ನೆಲ್ಲ ಗುಲಾಬಿ ಮಾಡುತ್ತದೆ. ಎಲ್ಲ ಊರಿನ ಎಲ್ಲ ಲ್ಯಾಬಿನಲ್ಲೂ ಮೊದಲ ನೋಟ ಈ ಎರಡು ಬಣ್ಣದಲ್ಲೇ.

ಕಡಿಮೆ ಪವರಿನಲ್ಲಿ ನೋಡಿದರೆ ಕಾಣುವುದು ಗುಲಾಬಿ ಕೋಶಗಳ ಹಾಳೆಗಳು, ದ್ವೀಪಗಳು, ಕೆಲವು ಕಡೆ ಸಣ್ಣ ಎಳೆಗಳು. ನಡುವೆ ನಾರಿನಂಶದ ಅಂಗಾಂಶ. ಪವರ್ ಹೆಚ್ಚಿಸಿ. ಒಂದೊಂದು ಕೋಶಕ್ಕೂ ಐದಾರು ಮೂಲೆ, ಅಂಚು ಸ್ಪಷ್ಟ. ಇದನ್ನೇ ಪಾಲಿಹೆಡ್ರಲ್ ಅನ್ನುವುದು. ಅಕ್ಕಪಕ್ಕದ ಎರಡು ಕೋಶಗಳ ನಡುವಿನ ಸಣ್ಣ ಸಂದಿಯಲ್ಲಿ ಇನ್ನೂ ಸೂಕ್ಷ್ಮವಾದ ಅಡ್ಡಗೆರೆಗಳು ಸಾಲಾಗಿ ಇರುತ್ತವೆ. ಅವು ಕೋಶಗಳನ್ನು ಒಂದಕ್ಕೊಂದು ಬಿಗಿಯುವ ಕೊಂಡಿಗಳು, ಡೆಸ್ಮೋಸೋಮ್ ಅಂತ ಹೆಸರು. ಚರ್ಮದ ಹೊರಪದರದಲ್ಲೂ, ಬಾಯಿಯ ಒಳಪದರದಲ್ಲೂ ಇದೇ ಕೊಂಡಿಗಳಿವೆ. ಹಾಗಾಗಿ ಇಲ್ಲೇ ಮೊದಲ ಗೊಂದಲ ಶುರುವಾಗುತ್ತದೆ. ಗುಲಾಬಿ ಕೋಶ, ನಡುವೆ ಕೊಂಡಿ ಅಂದ ಕೂಡಲೇ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, ಅಂದರೆ ಬಾಯಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬರುವ ಕ್ಯಾನ್ಸರ್, ತಲೆಗೆ ಬರುತ್ತದೆ.

ಕೋಶಕೇಂದ್ರಗಳು ಆ ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತವೆ. ಒಂದು ಕೋಶದ ಕೇಂದ್ರ ಚಿಕ್ಕದು, ದುಂಡಗೆ, ಒಪ್ಪವಾಗಿರುತ್ತದೆ. ಅದಕ್ಕೆ ತಾಗಿಕೊಂಡ ಇನ್ನೊಂದರದ್ದು ಮೂರು ನಾಲ್ಕು ಪಟ್ಟು ದೊಡ್ಡದು, ಅಂಚು ವಕ್ರ, ಬಣ್ಣ ಮಸಿಯಷ್ಟು ಗಾಢ. ಮತ್ತೊಂದರಲ್ಲಿ ಎರಡು ಮೂರು ಕೇಂದ್ರಗಳು ಒತ್ತೊತ್ತಾಗಿ ಕೂತಿರುತ್ತವೆ. ಪ್ಲಿಯೋಮಾರ್ಫಿಸಂ, ಹೈಪರ್‌ಕ್ರೊಮಾಟಿಸಂ ಅಂತ ವರದಿಯಲ್ಲಿ ಬಂದಿರುವುದು ಇದಕ್ಕೇ. ಒಂದೇ ಒಂದು ಫೀಲ್ಡನ್ನು, ಅಂದರೆ ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗವನ್ನು, ಫೋಟೋ ತೆಗೆದು, ಬೇರೇನೂ ಹೇಳದೆ ಹೊಸಬರಿಗೆ ತೋರಿಸಿದರೆ ಕ್ಯಾನ್ಸರ್ ಅಂತಲೇ ಹೇಳುತ್ತಾರೆ. ಹೇಳಿದರೆ ಬೈಯುವ ಹಾಗೂ ಇಲ್ಲ. ಪಿಂಡ್‌ಬೋರ್ಗ್ ಗಡ್ಡೆಯ ಬಗ್ಗೆ ಪಾಠ ಮಾಡುವವರೆಲ್ಲ ಮೊದಲು ಕೊಡುವ ಎಚ್ಚರಿಕೆ ಇದೇ: ಕೋಶಕೇಂದ್ರ ನೋಡಿ ಮೋಸಹೋಗಬೇಡಿ.

ಹಾಗಾದರೆ ಕ್ಯಾನ್ಸರ್ ಅಲ್ಲ ಅಂತ ಹೇಗೆ ಗೊತ್ತಾಗುತ್ತದೆ? ಕೋಶ ಹೇಗೆ ಕಾಣುತ್ತದೆ ಅನ್ನುವುದಕ್ಕಿಂತ ಅದು ಏನು ಮಾಡುತ್ತಿದೆ ಅನ್ನುವುದು ಮುಖ್ಯ. ಬೇಗ ಬೇಗ ಬೆಳೆಯುವ ಗಡ್ಡೆಯಲ್ಲಿ ಎಲ್ಲಿ ನೋಡಿದರೂ ಕೋಶಗಳು ಒಡೆದು ಎರಡಾಗುತ್ತಿರುತ್ತವೆ. ಆ ಒಡೆಯುವಿಕೆಯೇ ಮೈಟೋಸಿಸ್. ಮೈಕ್ರೋಸ್ಕೋಪಿನಲ್ಲಿ ಅದು ಸುಲಭವಾಗಿ ಗುರುತು ಸಿಗುತ್ತದೆ. ಕೇಂದ್ರದ ಪೊರೆ ಮಾಯ, ವರ್ಣತಂತುಗಳು ಕೋಶದ ನಡುವೆ ಕಪ್ಪು ಪಟ್ಟಿಯಾಗಿ ಕೂತಿರುತ್ತವೆ ಅಥವಾ ಎರಡು ಕಡೆಗೆ ಬೇರೆಯಾಗುತ್ತಿರುತ್ತವೆ. ಪಿಂಡ್‌ಬೋರ್ಗ್ ಗಡ್ಡೆಯಲ್ಲಿ ಇಷ್ಟೊಂದು ವಿಕಾರವಾದ ಕೇಂದ್ರಗಳ ನಡುವೆ ಹುಡುಕುತ್ತಾ ಹೋದರೆ ಮೈಟೋಸಿಸ್ ಸಿಗುವುದೇ ಅಪರೂಪ. ಕೋಶಗಳು ಎಷ್ಟು ಚುರುಕಾಗಿ ಒಡೆಯುತ್ತಿವೆ ಅಂತ ತೋರಿಸುವ ಕೆಐ-67 ಅನ್ನುವ ಬಣ್ಣ ಪರೀಕ್ಷೆಯೂ ಇದೆ. ಅದರಲ್ಲೂ ಇಂಥ ಗಡ್ಡೆಯ ಅಂಕಿ ಕಡಿಮೆಯೇ ಬರುತ್ತದೆ. ನಿಮ್ಮ ವರದಿಯ ‘ಮೈಟೋಸಿಸ್ ಕಂಡಿಲ್ಲ’ ಅನ್ನುವ ಸಾಲನ್ನು ನೀವು ಸುಮ್ನೆ ದಾಟಿ ಹೋಗಿದ್ದೀರಿ ಅಂತ ಕಾಣುತ್ತದೆ. ನನ್ನ ಲೆಕ್ಕದಲ್ಲಿ ಇಡೀ ವರದಿಯಲ್ಲಿ ನಿಮಗೆ ಅತಿ ಹೆಚ್ಚು ಸಮಾಧಾನ ಕೊಡಬೇಕಾದ ಸಾಲು ಅದೇ.

ಇದರ ಕ್ಯಾನ್ಸರ್ ರೂಪ ಇಲ್ಲವೇ ಇಲ್ಲ ಅಂತಲ್ಲ. ಬಹಳ ಬಹಳ ವಿರಳವಾಗಿ ವರದಿಯಾಗಿದೆ. ಅಲ್ಲಿ ಮೈಟೋಸಿಸ್ ಧಾರಾಳವಾಗಿ ಇರುತ್ತವೆ, ಅವುಗಳ ಆಕಾರವೂ ಸರಿ ಇರುವುದಿಲ್ಲ. ಅಂಗಾಂಶ ಅಲ್ಲಲ್ಲಿ ಸತ್ತಿರುತ್ತದೆ. ಕೋಶಗಳು ನರದ ಸುತ್ತ, ರಕ್ತನಾಳದ ಒಳಗೆ ನುಗ್ಗಿರುತ್ತವೆ. ಕೆಐ-67 ಜಾಸ್ತಿ ಬರುತ್ತದೆ. ಇವುಗಳಲ್ಲಿ ಯಾವುದಾದರೂ ಕಂಡಿದ್ದರೆ ಪೆಥಾಲಜಿಸ್ಟ್ ಬರೆಯದೆ ಬಿಡುತ್ತಿರಲಿಲ್ಲ.

ಇನ್ನು ಅಮಿಲಾಯ್ಡ್. ಈ ಗಡ್ಡೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಇದು, ಸ್ವಲ್ಪ ಉದ್ದ ಆದರೆ ಬೇಸರ ಮಾಡ್ಕೋಬೇಡಿ.

ಕೋಶಗಳ ಹಾಳೆಯ ನಡುನಡುವೆ, ಕೆಲವು ಕಡೆ ಕೋಶಗಳ ಗುಂಪಿನ ಒಳಗೇ, ತಿಳಿ ಗುಲಾಬಿ ಬಣ್ಣದ ಮಡುಗಳು ಕಾಣುತ್ತವೆ. ಕೋಶ ಇಲ್ಲ, ಎಳೆ ಇಲ್ಲ, ಒಂದೇ ಸಮನೆ ನುಣ್ಣಗೆ. ಗುಲಾಬಿ ಕಂಡಿದ್ದೆಲ್ಲ ಅಮಿಲಾಯ್ಡ್ ಅಲ್ಲ. ಕೆರಟಿನ್ ಗುಲಾಬಿ, ಹಳೆಯ ಗಟ್ಟಿ ಕೊಲಾಜೆನ್ ಗುಲಾಬಿ, ಹಲ್ಲಿನ ಡೆಂಟಿನ್ ಹೋಲುವ ವಸ್ತುವೂ ಗುಲಾಬಿಯೇ. ಇವು ಬೇರೆ ಬೇರೆ ಗಡ್ಡೆಗಳಲ್ಲಿ ಬರುತ್ತವೆ. ಹಾಗಾಗಿ ಕಾಂಗೋ ರೆಡ್ ಬಣ್ಣ ಹಾಕಿ ಪರೀಕ್ಷಿಸುತ್ತಾರೆ. ಈ ಬಣ್ಣದ ಹುಟ್ಟು ಆಸ್ಪತ್ರೆಯಲ್ಲಲ್ಲ. 1883ರಲ್ಲಿ ಜರ್ಮನಿಯ ಪೌಲ್ ಬ್ಯೋಟಿಗರ್ ಹತ್ತಿ ಬಟ್ಟೆಗೆ ಹಾಕಲು ಇದನ್ನು ತಯಾರಿಸಿದ್ದರು. 1922ರಲ್ಲಿ ಬೆನ್‌ಹೋಲ್ಡ್ ಅನ್ನುವವರು ಇದು ಅಮಿಲಾಯ್ಡ್‌ಗೆ ಅಂಟುತ್ತದೆ ಅಂತ ತೋರಿಸಿದರು. ಐದು ವರ್ಷದ ಮೇಲೆ ಬೆಲ್ಜಿಯಂನ ಡಿವ್ರಿ ಇನ್ನೊಂದು ಗುಣ ಕಂಡರು. ಕಾಂಗೋ ರೆಡ್ ಹಿಡಿದ ಅಮಿಲಾಯ್ಡ್ ಮಾಮೂಲಿ ಬೆಳಕಿನಲ್ಲಿ ಇಟ್ಟಿಗೆ ಕೆಂಪು. ಅದೇ ಸ್ಲೈಡನ್ನು ಪೋಲರೈಸ್ಡ್ ಬೆಳಕಿನಲ್ಲಿಟ್ಟರೆ ಹಸಿರಾಗಿ ಹೊಳೆಯುತ್ತದೆ.

ಇದನ್ನು ಕಣ್ಣಾರೆ ನೋಡಬೇಕು. ಮೈಕ್ರೋಸ್ಕೋಪಿನಲ್ಲಿ ಸ್ಲೈಡಿನ ಕೆಳಗೊಂದು, ಮೇಲೊಂದು ಪೋಲರೈಸರ್ ಗಾಜು ಇರುತ್ತವೆ. ಒಂದನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಇಡೀ ಫೀಲ್ಡ್ ಕತ್ತಲಾಗುತ್ತದೆ. ಕೋಶಗಳು, ಕೇಂದ್ರಗಳು ಎಲ್ಲ ಮುಳುಗಿಹೋಗುತ್ತವೆ. ಇಷ್ಟು ಹೊತ್ತು ಮಂಕಾಗಿ ಕೆಂಪಗಿದ್ದ ಮಡುಗಳು ಮಾತ್ರ ಎಳೆ ಹಸಿರಾಗಿ ಹೊತ್ತಿಕೊಳ್ಳುತ್ತವೆ. ಪಕ್ಕದ ಕೊಲಾಜೆನ್ ಎಳೆಗಳೂ ಸ್ವಲ್ಪ ಮಿನುಗುತ್ತವೆ, ಆದರೆ ಬೆಳ್ಳಗೆ. ಬಿಳಿಗೂ ಹಸಿರಿಗೂ ಇರುವ ಆ ವ್ಯತ್ಯಾಸ ಕಣ್ಣಿಗೆ ರೂಢಿಯಾಗಬೇಕು. ಇನ್ನೊಂದು ಮಾತು, ಈ ಪರೀಕ್ಷೆಗೆ ಪದರ ಸ್ವಲ್ಪ ದಪ್ಪ ಬೇಕು, 8–10 ಮೈಕ್ರಾನ್. ಮಾಮೂಲಿ ತೆಳು ಪದರಕ್ಕೇ ಕಾಂಗೋ ರೆಡ್ ಹಾಕಿದರೆ ಹಸಿರು ಸರಿಯಾಗಿ ಬರದೆ ಸುಮ್ಮನೆ ನೆಗೆಟಿವ್ ಅಂತ ಆಗಬಹುದು. ನಿಮ್ಮ ವರದಿಯಲ್ಲಿ ಪಾಸಿಟಿವ್ ಬಂದಿದೆ, ಹಾಗಾಗಿ ಆ ಚಿಂತೆ ಇಲ್ಲ.

ಹಸಿರು ಯಾಕೆ ಬರುತ್ತದೆ ಅಂದರೆ, ಅಮಿಲಾಯ್ಡ್‌ನಲ್ಲಿ ಪ್ರೋಟೀನುಗಳು ಮಡಚಿಕೊಂಡು ನೀಟಾದ ನಾರುಗಳಾಗಿ ಜೋಡಿಸಿಕೊಂಡಿರುತ್ತವೆ. ಬಣ್ಣದ ಅಣುಗಳು ಆ ನಾರಿನ ಉದ್ದಕ್ಕೆ ಸಾಲಾಗಿ ಕೂರುತ್ತವೆ. ಯಾವ ಪ್ರೋಟೀನಾದರೂ ಸರಿ, ಹೀಗೆ ಮಡಚಿ ನಾರಾದರೆ ಅದು ಅಮಿಲಾಯ್ಡ್. ನಿಮ್ಮ ಹೆದರಿಕೆಗೆ ಉತ್ತರ ಇರುವುದು ಇಲ್ಲೇ. ಹೃದಯ, ಕಿಡ್ನಿ ಕೆಡಿಸುವ ಅಮಿಲಾಯ್ಡ್‌ನ ಪ್ರೋಟೀನ್ ಬೇರೆ. ಅದು ಮೂಳೆಮಜ್ಜೆಯ ಪ್ಲಾಸ್ಮಾ ಕೋಶಗಳಿಂದಲೋ ಲಿವರಿನಿಂದಲೋ ಬಂದು, ರಕ್ತದಲ್ಲಿ ಸುತ್ತಾಡಿ, ಸಿಕ್ಕ ಅಂಗಗಳಲ್ಲಿ ತುಂಬಿಕೊಳ್ಳುತ್ತದೆ. ಪಿಂಡ್‌ಬೋರ್ಗ್ ಗಡ್ಡೆಯ ಅಮಿಲಾಯ್ಡ್ ಯಾವ ಪ್ರೋಟೀನಿನದ್ದು ಅಂತ 2003ರಲ್ಲಿ ಪತ್ತೆಯಾಯಿತು. ಆ ಪ್ರೋಟೀನಿಗೆ ಈಗ ಒಡ್ಯಾಮ್ ಅಂತ ಹೆಸರು. ಹಲ್ಲು ಬೆಳೆಯುವಾಗ ಎನಾಮಲ್ ತಯಾರಿಸುವ ಅಮೆಲೋಬ್ಲಾಸ್ಟ್ ಕೋಶಗಳು, ಎನಾಮಲ್ ಗಟ್ಟಿಯಾಗುವ ಹಂತದಲ್ಲಿ, ಇದನ್ನು ಸುರಿಸುತ್ತವೆ. ಎಲ್ಲರ ಬಾಯಲ್ಲೂ ನಡೆದ ಕೆಲಸ ಅದು. ಗಡ್ಡೆಯ ಕೋಶಗಳು ಅದೇ ಪ್ರೋಟೀನನ್ನು ತಯಾರಿಸುತ್ತವೆ, ಆದರೆ ಹಚ್ಚೋಕೆ ಅಲ್ಲಿ ಹಲ್ಲಿಲ್ಲ. ಕೋಶಗಳ ಪಕ್ಕದಲ್ಲೇ ಶೇಖರವಾಗಿ, ಮಡಚಿ, ಅಮಿಲಾಯ್ಡ್ ಆಗುತ್ತದೆ.

ಅಂದರೆ ಇದು ಅಲ್ಲೇ ಹುಟ್ಟಿ ಅಲ್ಲೇ ಉಳಿಯುವ ಅಮಿಲಾಯ್ಡ್. ರಕ್ತಕ್ಕೆ ಸೇರಿ ಹೃದಯಕ್ಕೆ ಹೋಗುವುದಿಲ್ಲ. ಗಡ್ಡೆ ತೆಗೆದರೆ ಅದರ ಜೊತೆ ಹೋಯಿತು. ನಿಮ್ಮ ತಮ್ಮನಿಗೆ ಬೇರೆ ತೊಂದರೆ ಇಲ್ಲದಿದ್ದರೆ, ಈ ಒಂದು ಸಾಲಿಗಾಗಿ ಹೃದಯದ ಎಕೋ, ಮೂತ್ರದ ಪ್ರೋಟೀನ್, ಹೊಟ್ಟೆಯ ಕೊಬ್ಬಿನ ಬಯಾಪ್ಸಿ ಅಂತ ಓಡಾಡುವ ಅಗತ್ಯ ಇಲ್ಲ.

ಲೀಸೆಗ್ಯಾಂಗ್ ಉಂಗುರ ಅಂದರೆ ಏನು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಎಕ್ಸ್-ರೇಯ ಬಿಳಿ ಚುಕ್ಕೆಗಳ ಮೂಲ ಅದೇ. ಅಮಿಲಾಯ್ಡ್ ಮಡುಗಳಲ್ಲಿ ನಿಧಾನವಾಗಿ ಸುಣ್ಣ ಕೂರುತ್ತದೆ. ಒಂದೇ ಸಲ ಮುದ್ದೆಯಾಗಿ ಕೂರುವುದಿಲ್ಲ. ನಡುವೆ ಒಂದು ಬಿಂದು, ಅದರ ಸುತ್ತ ಒಂದು ಸುತ್ತು, ಸ್ವಲ್ಪ ಜಾಗ ಬಿಟ್ಟು ಇನ್ನೊಂದು ಸುತ್ತು. ಈರುಳ್ಳಿಯನ್ನು ಅಡ್ಡ ಕತ್ತರಿಸಿದ ಹಾಗೆ ಕಾಣುತ್ತದೆ, ನೇರಳೆ ಬಣ್ಣದಲ್ಲಿ. ಕೆಲವು ಒಂಟಿಯಾಗಿರುತ್ತವೆ. ಕೆಲವು ಒಂದಕ್ಕೊಂದು ಅಂಟಿ ದೊಡ್ಡ ಗಂಟಾಗಿರುತ್ತವೆ. ಸುಣ್ಣ ಕರಗಿಸಿದ ಮೇಲೂ ಈ ಗೆರೆಗಳು ಉಳಿಯುತ್ತವೆ, ಯಾಕೆಂದರೆ ಸುಣ್ಣದ ಕೆಳಗಿದ್ದ ಪ್ರೋಟೀನಿನ ಚೌಕಟ್ಟು ಹೆಮಟಾಕ್ಸಿಲಿನ್ ಹಿಡಿದುಕೊಳ್ಳುತ್ತದೆ.

ಹೆಸರು ಬಂದಿದ್ದು ರಫಾಯೆಲ್ ಎಡ್ವರ್ಡ್ ಲೀಸೆಗ್ಯಾಂಗ್ ಅವರಿಂದ. ಅವರಿಗೂ ಹಲ್ಲಿಗೂ ಸಂಬಂಧ ಇಲ್ಲ, ಜರ್ಮನಿಯ ರಸಾಯನಶಾಸ್ತ್ರಜ್ಞರು. 1896ರಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಸೇರಿಸಿದ ಜೆಲಾಟಿನ್ ಪದರದ ಮೇಲೆ ಸಿಲ್ವರ್ ನೈಟ್ರೇಟ್ ಹನಿ ಹಾಕಿದರು. ಹನಿ ಹರಡುತ್ತಾ ಹೋದ ಹಾಗೆ ಗಸಿ ಎಲ್ಲ ಕಡೆ ಕೂರದೆ, ಬಿಟ್ಟು ಬಿಟ್ಟು ಉಂಗುರಗಳಾಗಿ ಕೂತಿತು. ಜೆಲ್ ಥರದ ವಸ್ತುವಿನಲ್ಲಿ ಎರಡು ರಾಸಾಯನಿಕಗಳು ನಿಧಾನಕ್ಕೆ ಸೇರಿ ಗಸಿಯಾಗುವಾಗ ಹೀಗಾಗುತ್ತದೆ. ಗಡ್ಡೆಯ ಸುಣ್ಣವೂ ನೋಡೋಕೆ ಅದೇ ಥರ. ಚುಕ್ಕೆಗಳು ಹುದುಗಿದ ಹಲ್ಲಿನ ತಲೆಯ ಹತ್ತಿರ ಜಾಸ್ತಿ ಇದ್ದರೆ ಎಕ್ಸ್-ರೇಯಲ್ಲೇ ಅನುಮಾನ ಬರುತ್ತದೆ. ಆದರೆ ಗಡ್ಡೆ ಹೊಸದಾಗಿದ್ದರೆ ಸುಣ್ಣ ಇನ್ನೂ ಸಾಕಷ್ಟು ಕೂತಿರದೆ ಬರೀ ಕಪ್ಪಗೆ ಕಾಣಬಹುದು. ಆಗ ಎಕ್ಸ್-ರೇಯಿಂದ ಹೆಸರು ಹೇಳುವುದು ಕಷ್ಟ.

ಎಲ್ಲ ಗಡ್ಡೆಗಳೂ ನಿಮ್ಮ ತಮ್ಮನದ್ದರಷ್ಟು ಪಾಠದ ಪ್ರಕಾರ ಇರುವುದಿಲ್ಲ. ಸುಣ್ಣವೇ ಇಲ್ಲದ ಥರ ಇದೆ, ಅದರಲ್ಲಿ ಕೆಲವೊಮ್ಮೆ ಲ್ಯಾಂಗರ್‌ಹಾನ್ಸ್ ಕೋಶಗಳು ತುಂಬಿರುತ್ತವೆ. ನೀರುಗುಳ್ಳೆಯ ಹಾಗೆ ಪೊಳ್ಳಾಗಿರುವ ಥರ ಇದೆ. ಇವು ಕುತೂಹಲಕ್ಕೆ ಸರಿ, ನಿಮಗೆ ಬೇಕಾಗಿಲ್ಲ. ಒಂದು ಮಾತ್ರ ಗೊತ್ತಿರಲಿ, ಕ್ಲಿಯರ್ ಸೆಲ್ ಥರ. ಅಲ್ಲಿ ಕೋಶಗಳ ಒಳಗೆ ಗ್ಲೈಕೋಜನ್ ತುಂಬಿ, ಸ್ಲೈಡ್ ಮಾಡುವಾಗ ಅದು ಕರಗಿಹೋಗಿ, ಕೋಶ ಖಾಲಿ ಪೆಟ್ಟಿಗೆಯಂತೆ ಬೆಳ್ಳಗೆ ಕಾಣುತ್ತದೆ. ಇಂಥ ಬಿಳಿ ಕೋಶಗಳು ನಿಜವಾದ ಕ್ಯಾನ್ಸರ್‌ಗಳಲ್ಲೂ ಇರುತ್ತವೆ. ಕಿಡ್ನಿ ಕ್ಯಾನ್ಸರ್ ದವಡೆಗೆ ಹರಡಿದಾಗ, ಲಾಲಾಗ್ರಂಥಿಯ ಕೆಲವು ಕ್ಯಾನ್ಸರ್‌ಗಳಲ್ಲಿ, ಹಲ್ಲಿನದ್ದೇ ಕ್ಲಿಯರ್ ಸೆಲ್ ಓಡಾಂಟೋಜೆನಿಕ್ ಕಾರ್ಸಿನೋಮಾದಲ್ಲಿ. ಈ ಕೊನೆಯದರಲ್ಲಿ ಇಡಬ್ಲ್ಯುಎಸ್ಆರ್1 ಅನ್ನುವ ಜೀನ್ ತುಂಡಾಗಿ ಬೇರೆ ಕಡೆ ಸೇರಿಕೊಂಡಿರುವುದನ್ನು ಪರೀಕ್ಷೆಯಲ್ಲಿ ಹಿಡಿಯಬಹುದು. ಸುಣ್ಣ, ಅಮಿಲಾಯ್ಡ್ ಎರಡೂ ಇದ್ದರೆ ಗೊಂದಲ ಬಹುಪಾಲು ಕಳೆಯುತ್ತದೆ. ಅಲ್ಲದೆ ಕ್ಲಿಯರ್ ಸೆಲ್ ಥರದ ಗಡ್ಡೆ ಮತ್ತೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ಅಂತ ಕಂಡುಬಂದಿದೆ. ನಿಮ್ಮ ವರದಿಯಲ್ಲಿ ಅದರ ಪ್ರಸ್ತಾಪ ಇಲ್ಲ.

ಇದೆಲ್ಲ ಯಾವ ಕೋಶದಿಂದ ಶುರುವಾಗುತ್ತದೆ? ಹುದುಗಿದ ಹಲ್ಲಿನ ತಲೆಯ ಮೇಲೆ ಉಳಿದಿರುವ ಎನಾಮಲ್ ಪೊರೆಯಿಂದ ಅನ್ನುವುದು ಪಿಂಡ್‌ಬೋರ್ಗ್ ಅವರ ಅಂದಾಜು. ಹಾಗಿದ್ದರೆ ಹಲ್ಲೇ ಜೊತೆಗಿಲ್ಲದ ಉಳಿದ ಅರ್ಧದಷ್ಟು ಗಡ್ಡೆಗಳ ಕಥೆ ಏನು, ಅಲ್ವಾ? ಅಮೆಲೋಬ್ಲಾಸ್ಟ್‌ಗಳ ಬೆನ್ನಿಗೇ ಇರುವ ಸ್ಟ್ರೇಟಮ್ ಇಂಟರ್‌ಮೀಡಿಯಂ ಅನ್ನುವ ಪದರದ ಕೋಶಗಳಿಗೆ ಇವು ಹೋಲುತ್ತವೆ ಅಂತ ಆಮೇಲಿನವರು ತೋರಿಸಿದರು. ಹಲ್ಲು ಮೊಳೆಯುವ ಪಟ್ಟಿಯಿಂದ ಮೂಳೆಯಲ್ಲಿ, ಒಸಡಿನಲ್ಲಿ ಉಳಿದುಹೋದ ಚೂರುಗಳಿಂದ ಅನ್ನುವುದೂ ಒಂದು ವಾದ. ಮೂಳೆಯ ಹೊರಗೆ ಬರೀ ಒಸಡಿನಲ್ಲಿ ಬರುವ ಪಿಂಡ್‌ಬೋರ್ಗ್ ಗಡ್ಡೆ ಯಾಕಿದೆ ಅನ್ನುವುದಕ್ಕೆ ಈ ವಾದದಲ್ಲಿ ಉತ್ತರ ಸಿಗುತ್ತದೆ. ಚಿಕಿತ್ಸೆಗೆ ಇದರಿಂದ ವ್ಯತ್ಯಾಸ ಏನೂ ಆಗುವುದಿಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಕ್ಯಾನ್ಸರ್ ಅಲ್ಲದಿದ್ದರೆ ಮೂಳೆ ಯಾಕೆ ತೆಗೆಯಬೇಕು? ಇದಕ್ಕೂ ಸ್ಲೈಡೇ ಉತ್ತರ ಕೊಡುತ್ತದೆ. ಎಷ್ಟೋ ಸಾಧು ಗಡ್ಡೆಗಳ ಸುತ್ತ ನಾರಿನ ಒಂದು ಚೀಲ ಇರುತ್ತದೆ, ಬಿಡಿಸಿದರೆ ಇಡಿಯಾಗಿ ಈಚೆ ಬರುತ್ತವೆ. ಪಿಂಡ್‌ಬೋರ್ಗ್ ಗಡ್ಡೆಗೆ ಅಂಥ ಚೀಲ ಇರುವುದಿಲ್ಲ. ಅಂಚಿನ ಪದರ ನೋಡಿದರೆ ಕೋಶಗಳ ಸಣ್ಣ ಎಳೆಗಳು ಮೂಳೆಯ ಸಂದುಗಳ ಒಳಗೆ ತೂರಿಕೊಂಡಿರುತ್ತವೆ. ಆಪರೇಷನ್ ಟೇಬಲ್ ಮೇಲೆ ಮೂಳೆ ಚೆನ್ನಾಗೇ ಕಾಣುತ್ತದೆ, ಒಳಗೆ ನಾಲ್ಕು ಕೋಶ ಉಳಿದಿರುತ್ತವೆ. ಬರೀ ಕೆರೆದು ತೆಗೆದರೆ ಆ ನಾಲ್ಕೇ ವರ್ಷಗಳ ನಂತರ ಮತ್ತೆ ಊತವಾಗಿ ಬರುತ್ತವೆ. 1976ರಲ್ಲಿ ಫ್ರಾಂಕ್ಲಿನ್ ಮತ್ತು ಪಿಂಡ್‌ಬೋರ್ಗ್ ಆವರೆಗಿನ 113 ಪ್ರಕರಣಗಳನ್ನು ಒಟ್ಟಿಗೆ ನೋಡಿದಾಗ, ಮತ್ತೆ ಬಂದದ್ದು ನೂರಕ್ಕೆ ಸುಮಾರು 14. ಇದು ಕಡಿಮೆಯೂ ಅಲ್ಲ, ಗಾಬರಿಯಾಗುವಷ್ಟೂ ಅಲ್ಲ. ಇದರ ಗುಂಪಿನದೇ ಆದ ಅಮೆಲೋಬ್ಲಾಸ್ಟೋಮಾ ಇದಕ್ಕಿಂತ ಹಠಮಾರಿ. ಅದಕ್ಕೇ ಸರ್ಜನ್‌ಗಳು ಇಲ್ಲಿ ಅಷ್ಟು ಅಗಲ ಕತ್ತರಿಸುವುದಿಲ್ಲ. ಗಡ್ಡೆಯ ಜೊತೆ ಸುತ್ತ ಸುಮಾರು ಒಂದು ಸೆಂಟಿಮೀಟರಿನಷ್ಟು ಆರೋಗ್ಯವಾದ ಮೂಳೆ ಸೇರಿಸಿ ತೆಗೆಯುವುದು ರೂಢಿ. ಗಡ್ಡೆ ಚಿಕ್ಕದಾಗಿದ್ದು ಅಂಚು ಸ್ಪಷ್ಟವಾಗಿದ್ದರೆ, ಅದನ್ನು ಬಿಡಿಸಿ ತೆಗೆದು ಸುತ್ತಲಿನ ಮೂಳೆಯನ್ನು ಡ್ರಿಲ್‌ನಿಂದ ಒಂದಿಷ್ಟು ಉಜ್ಜಿ ಬಿಡುವುದೂ ಉಂಟು. ಮೇಲ್ದವಡೆಯಲ್ಲಾದರೆ ಸೈನಸ್ ಹತ್ತಿರ ಇರುವುದರಿಂದ ಹೆಚ್ಚು ಹುಷಾರು. ನಿಮ್ಮ ತಮ್ಮನಿಗೆ ಯಾವುದು ಸರಿ ಅಂತ ಸಿಟಿ ಸ್ಕ್ಯಾನ್ ನೋಡಿ ಸರ್ಜನ್ ನಿರ್ಧರಿಸಬೇಕು. ಗಡ್ಡೆ ಎಷ್ಟು ದೊಡ್ಡದು, ದವಡೆಯ ಕೆಳಗಿನ ಅಂಚು ಉಳಿಯುತ್ತದಾ, ತುಟಿಗೆ ಹೋಗುವ ನರ ಎಲ್ಲಿದೆ, ಈ ಮೂರನ್ನು ಕೇಳಿ. ಕೆಳ ಅಂಚು ಉಳಿದರೆ ಮುಖದ ಆಕಾರ ಉಳಿಯುತ್ತದೆ. ಆಮೇಲಿನ ತಪಾಸಣೆ ಕನಿಷ್ಠ ಐದು ವರ್ಷ, ಹತ್ತಾದರೆ ಇನ್ನೂ ಒಳ್ಳೆಯದು, ಯಾಕೆಂದರೆ ನಿಧಾನವಾಗಿ ಬೆಳೆಯುವ ಗಡ್ಡೆ ನಿಧಾನವಾಗೇ ವಾಪಸ್ ಬರುತ್ತದೆ. ಕೀಮೋ, ರೇಡಿಯೇಷನ್ ಇದಕ್ಕೆ ಬೇಕಿಲ್ಲ.

ಸ್ಲೈಡ್ ಬೇರೆ ಕಡೆ ತೋರಿಸಬೇಕಾ ಅಂದರೆ, ತೋರಿಸಿ. ವರದಿ ತಪ್ಪು ಅಂತಲ್ಲ. ಇಷ್ಟು ವಿರಳವಾದ ಗಡ್ಡೆಗೆ ಮೂಳೆ ತೆಗೆಯುವ ಆಪರೇಷನ್ ಮಾಡಿಸುವ ಮೊದಲು ಇನ್ನೊಬ್ಬರು ನೋಡುವುದು ಮಾಮೂಲು, ಯಾವ ಪೆಥಾಲಜಿಸ್ಟೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬಾಯಿ, ದವಡೆಯ ಪೆಥಾಲಜಿಯನ್ನೇ ಓದಿದವರಿಗೆ ತೋರಿಸುವುದು ಒಳ್ಳೆಯದು. ಬರೀ ಸ್ಲೈಡ್ ಒಯ್ದರೆ ಅರ್ಧ ಕೆಲಸ ಆದ ಹಾಗೆ. ಕಾಂಗೋ ರೆಡ್ ಸ್ಲೈಡನ್ನೂ, ಎಕ್ಸ್-ರೇ ಮತ್ತು ಸಿಟಿಯನ್ನೂ, ಸಾಧ್ಯವಾದರೆ ಮೇಣದ ಬ್ಲಾಕನ್ನೂ ಜೊತೆಗೆ ಕೇಳಿ ತೆಗೆದುಕೊಳ್ಳಿ. ಬ್ಲಾಕ್ ಇದ್ದರೆ ಅವರು ಹೊಸ ಪದರ ಕತ್ತರಿಸಿ ಬೇಕಾದ ಬಣ್ಣ ಹಾಕಿ ನೋಡಬಹುದು.

ಇನ್ನೊಂದು ವಿಷಯ. ಬಯಾಪ್ಸಿಯಲ್ಲಿ ತೆಗೆದಿದ್ದು ಗಡ್ಡೆಯ ಒಂದು ಚೂರು ಮಾತ್ರ. ಆಪರೇಷನ್ ಆದ ಮೇಲೆ ಇಡೀ ಗಡ್ಡೆಯನ್ನು ಹಲವು ಕಡೆ ಕತ್ತರಿಸಿ ನೋಡಿ ಇನ್ನೊಂದು ವರದಿ ಕೊಡುತ್ತಾರೆ. ಅದರಲ್ಲೂ ಪ್ಲಿಯೋಮಾರ್ಫಿಸಂ ಅಂತ ಇರುತ್ತದೆ, ಮತ್ತೆ ಗಾಬರಿಯಾಗಬೇಡಿ. ನೀವು ಹುಡುಕಬೇಕಾದ ಸಾಲುಗಳು ಬೇರೆ. ಕತ್ತರಿಸಿದ ಅಂಚುಗಳಲ್ಲಿ ಗಡ್ಡೆಯ ಕೋಶ ಇದೆಯಾ ಇಲ್ವಾ, ಕ್ಲಿಯರ್ ಸೆಲ್ ಭಾಗ ಏನಾದರೂ ಸಿಕ್ಕಿತಾ, ಮೈಟೋಸಿಸ್ ಈಗಲೂ ಇಲ್ಲವಾ. ಅಂಚಿನಲ್ಲಿ ಕೋಶ ಇದೆ ಅಂತ ಬಂದರೆ ತಕ್ಷಣ ಮತ್ತೆ ಆಪರೇಷನ್ ಅಂತಲೂ ಅಲ್ಲ. ಎಷ್ಟು ಭಾಗದಲ್ಲಿದೆ, ಯಾವ ಕಡೆ ಇದೆ ಅಂತ ಸರ್ಜನ್ ಮತ್ತು ಪೆಥಾಲಜಿಸ್ಟ್ ಕೂತು ಮಾತಾಡಿ, ಒಮ್ಮೊಮ್ಮೆ ಸ್ಕ್ಯಾನ್ ಮಾಡಿಸುತ್ತಾ ಕಾಯುವುದನ್ನೇ ಆರಿಸಬಹುದು.

ಬ್ಲಾಕ್ ಒಯ್ಯುವಾಗ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಬೇಡಿ. ಅದು ಮೇಣ, ಮೆತ್ತಗಾದರೆ ಆಮೇಲೆ ಪದರ ಕತ್ತರಿಸುವವರಿಗೆ ಕಷ್ಟ. ಕೆಲಸ ಮುಗಿದ ಮೇಲೆ ಕೊಟ್ಟ ಲ್ಯಾಬಿಗೇ ವಾಪಸ್ ಕೊಡಿ. ವರ್ಷಗಳ ನಂತರ ಹೋಲಿಸಿ ನೋಡಬೇಕಾಗಿ ಬಂದರೆ ಅವರು ಹುಡುಕುವುದು ಅದನ್ನೇ.